ನಗದ ಯಜಮಾನರ ಊಟದ ಹೋಟೆಲು

ಶಿವಮೊಗ್ಗದಿಂದ ಸುಮಾರು 60 ಕಿಲೋಮೀಟರ್ ದೂರದ ತೀರ್ಥಹಳ್ಳಿಯಲ್ಲಿ, ತುಂಗಾ ಸೇತುವೆಯಿಂದ ನಡೆದೇ ತಲುಪಬಹುದಾದ ಈ ಸಣ್ಣ ಹೋಟೆಲಿನ ಯಜಮಾನರು ನಗುವುದಿಲ್ಲ. ‘ಬನ್ನಿ’ ಎಂಬ ಮಾತೂ ಅವರ ಬಾಯಿಂದ ಹೊರಡುವುದಿಲ್ಲ. ಅದು ಅವರ ಸ್ವಭಾವ. ಆದರೆ ಕುಳಿತ ಕೂಡಲೇ ಬಿಸಿನೀರಿನ ಲೋಟ ಮುಂದೆ ಬರುತ್ತದೆ, ಮತ್ತು ಅಡಿಕೆ ತೋಟದಿಂದ ಕೆಸರುಗಾಲಲ್ಲೇ ಬಂದ ಆಳಿಗೂ ಕಾರಿನಿಂದ ಇಳಿದವರಿಗೂ ಅದೇ ಬಾಳೆಲೆ, ಅದೇ ಬಹುವಚನ.

ಅಕ್ಕಿ ರೊಟ್ಟಿ ಕಾವಲಿಯಿಂದ ನೇರವಾಗಿ ಎಲೆಗೆ ಬೀಳುತ್ತದೆ. ಕಳಲೆಯನ್ನು, ಅಂದರೆ ಬಿದಿರಿನ ಎಳೆ ಮೊಳಕೆಯನ್ನು, ದಿನವೂ ನೀರು ಬದಲಿಸಿ ನೆನೆಸದಿದ್ದರೆ ಕಹಿ ಉಳಿಯುತ್ತದೆ. ಇಲ್ಲಿನ ಪಲ್ಯದಲ್ಲಿ ಅಂತಹ ಅವಸರದ ಗುರುತಿಲ್ಲ. ಅದನ್ನು ಬಡಿಸುವ ಮೊದಲು ಯಜಮಾನರು ನನ್ನ ತಾಯಿಯತ್ತ ಬಾಗಿ, ‘ಖಾರ ಆಗ್ತದಾ ಅಮ್ಮಾ?’ ಎಂದು ಕೇಳಿ, ಉತ್ತರಕ್ಕೂ ಕಾಯದೆ ಮಜ್ಜಿಗೆ ಬೆರೆಸಿದ ತಂಪು ತಂಬುಳಿಯ ಬಟ್ಟಲನ್ನು ಅವರ ಕಡೆಗೆ ಸರಿಸಿದರು. ಆಗಲೂ ಮುಖ ಗಂಟಿಕ್ಕಿಯೇ ಇತ್ತು!

ಹಿಂದಿನ ವಾರ ಬೇರೊಂದು ಊರಿನ ಉಪಾಹಾರ ಗೃಹದಲ್ಲಿ ನಮ್ಮನ್ನು ಕೈಮುಗಿದು ಸ್ವಾಗತಿಸಿದವರೇ, ಮೇಜು ಒರೆಸುತ್ತಿದ್ದ ಹಿರಿಯರೊಬ್ಬರನ್ನು ನಮ್ಮೆದುರೇ ಏಕವಚನದಲ್ಲಿ ಗದರಿದ್ದರು. ಅಂತಹ ಉಪಚಾರಕ್ಕಿಂತ ಈ ಮೌನವೇ ನನಗೆ ಹೆಚ್ಚು ಸಭ್ಯವಾಗಿ ಕಂಡಿತು.

ಒಂದು ದೂರೂ ಇದೆ: ಊಟ ಎಷ್ಟು ಗಂಟೆಯವರೆಗೆ ಎಂಬ ಫಲಕವಿಲ್ಲ, ಕೇಳಿದರೆ ‘ಇರೋ ತನಕ’ ಎನ್ನುತ್ತಾರೆ. ಮಜ್ಜಿಗೆಯೂ ತುಸು ನೀರಾಗಿತ್ತು.