ಕೃಷಿ ಹೊಂಡದ ಸಬ್ಸಿಡಿ: ಗುಂಡಿಗೆ 80, ಬೇಲಿಗೆ ಬರೀ 40

ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಮಳೆನೀರು ಹಿಡಿದಿಡುವ ಹೊಂಡ ತೆಗೆಸಿ ಎರಡು ಮಳೆಗಾಲ ಆಯಿತು. ತೆಗೆಸಬಹುದಾ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೆ ಒಂದೇ ಸಲ ಬರೆದುಬಿಡುತ್ತೇನೆ. ಐದಕ್ಕೆ ಮೂರೂವರೆ ಸ್ಟಾರ್. ತೆಗೆಸಿ, ಆದರೆ ಬೇಲಿ ಆಗುವ ತನಕ ಒಳಗೆ ನೀರು ಬಿಡಬೇಡಿ.

ನಮ್ಮದು ಚಿತ್ರದುರ್ಗ ಜಿಲ್ಲೆಯ ಕೆಂಪು ನೆಲ, ಎರಡೂವರೆ ಎಕರೆ ಶೇಂಗಾ, ಬೋರ್ ಇಲ್ಲ. ಈ ಯೋಜನೆ ಶುರುವಾದದ್ದು 2014-15ರಲ್ಲಿ, ನಡುವೆ ನಿಂತುಹೋಗಿ 2023-24ರಲ್ಲಿ ಮತ್ತೆ ಬಂತು. ಹೊಂಡ, ಒಳಗೆ ಹಾಸುವ ಪಾಲಿಥಿನ್ ಹಾಳೆ, ಪಂಪ್‌ಸೆಟ್ಟಿಗೆ ಸಾಮಾನ್ಯ ವರ್ಗದವರಿಗೆ 80%, ಎಸ್‌ಸಿ ಎಸ್‌ಟಿಯವರಿಗೆ 90%. ಸ್ಪ್ರಿಂಕ್ಲರ್‌ಗೆ ಎಲ್ಲರಿಗೂ 90%. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಈ ಲೆಕ್ಕ ಇಲಾಖೆ ಗೊತ್ತು ಮಾಡಿದ ದರದ ಮೇಲೆ, ಜೆಸಿಬಿಯವನು ನಮ್ಮ ಕೈಯಿಂದ ಎಣಿಸಿಕೊಂಡ ದುಡ್ಡಿನ ಮೇಲಲ್ಲ. ನಮ್ಮ ಹೊಲದಲ್ಲಿ ಆರಡಿಗೇ ಕಲ್ಲು ಸಿಕ್ಕಿ ಜೆಸಿಬಿ ಒಂದು ದಿನ ಜಾಸ್ತಿ ನಿಂತಿತು, ಆ ದಿನದ ಬಾಡಿಗೆ ಪೂರ್ತಿ ನಮ್ಮದೇ.

ಕಾಗದ ಪತ್ರದ ಕಥೆ ಸುಮ್ನೆ ಉದ್ದ ಮಾಡುವುದಿಲ್ಲ. ಎಫ್‌ಐಡಿ (ರೈತರ ನೋಂದಣಿ ಸಂಖ್ಯೆ), ಆಧಾರ್, ಪಹಣಿ. ಪಹಣಿ ಇನ್ನೂ ತಾತನ ಹೆಸರಲ್ಲೇ ಇದ್ದರೆ ಮೊದಲು ಪೌತಿ ಖಾತೆ (ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಬರುವುದು) ಮಾಡಿಸಿಕೊಳ್ಳಿ, ನಮಗೆ ಅದರಲ್ಲೇ ಐದು ತಿಂಗಳು ಹೋಯಿತು.

ಹೊಂಡ 12×12 ಮೀಟರ್, ಆಳ 3. ಬದಿ ಇಳಿಜಾರು ಬರುವುದರಿಂದ ತಳಕ್ಕೆ ಹೋಗುವಷ್ಟರಲ್ಲಿ ಆರು ಮೀಟರ್ ಉಳಿಯುತ್ತದೆ. ತುಂಬಿದರೆ ಸುಮಾರು ಎರಡೂವರೆ ಲಕ್ಷ ಲೀಟರ್. ಮೊದಲ ಸಲ ತುಂಬಿದಾಗ ಅಪ್ಪ ಕೆರೆಯೇ ಸಿಕ್ಕಿದ ಹಾಗೆ ದಡದಲ್ಲಿ ಕೂತಿದ್ದರು. ಆದರೆ ಒಂದು ಎಕರೆಗೆ ಒಂದು ಇಂಚು ನೀರು ಕೊಟ್ಟರೆ ಲಕ್ಷ ಲೀಟರ್ ಖಾಲಿ. ಹೋದ ವರ್ಷ ಕಾಯಿ ಕಟ್ಟುವ ಹೊತ್ತಿಗೆ ಸರಿಯಾಗಿ ಇಪ್ಪತ್ತು ದಿನ ಮಳೆ ಕೈಕೊಟ್ಟಿತು, ಹೊಂಡದ ಪಕ್ಕದ ಒಂದು ಎಕರೆಗೆ ಎರಡು ಸಲ ಸ್ಪ್ರಿಂಕ್ಲರ್ ಓಡಿಸಿದೆವು, ಅದು ಉಳಿಯಿತು. ಮಿಕ್ಕ ಒಂದೂವರೆ ಎಕರೆಯಲ್ಲಿ ಗಿಡ ಕಿತ್ತು ನೋಡಿದರೆ ಬರೀ ಜೊಳ್ಳು.

ಈಗ ಬೇಲಿ. ಇದಕ್ಕೆ ಮಾತ್ರ 40%, ಎಸ್‌ಸಿ ಎಸ್‌ಟಿಯವರಿಗೆ 50%. ನಾನು ಒಂದೂವರೆ ಸ್ಟಾರ್ ಕಳೆದದ್ದು ಇಲ್ಲೇ. ಬೇಲಿಯ ದುಡ್ಡು ಹೊಂದಿಸುವಷ್ಟರಲ್ಲಿ ಮಳೆ ಬಂದು ಹೊಂಡ ತುಂಬಿತ್ತು. ಒಂದು ಬೆಳಿಗ್ಗೆ ಪಕ್ಕದ ಹೊಲದವರ ಮೇಕೆ ಒಳಗೆ ಬಿದ್ದಿದೆ. ಹಾಳೆಯ ಮೇಲೆ ಪಾಚಿ, ಗೊರಸು ನಿಲ್ಲುವುದಿಲ್ಲ, ಎರಡು ಹೆಜ್ಜೆ ಹತ್ತುತ್ತದೆ, ಜಾರಿ ಮತ್ತೆ ನೀರಿಗೆ. ಎತ್ತಲು ಇಳಿದ ತಮ್ಮನಿಗೂ ಅದೇ ಪಾಡು. ಅವನಿಗೆ ಈಜು ಚೆನ್ನಾಗಿ ಬರುತ್ತದೆ, ಆದರೆ ಹಿಡಿದುಕೊಳ್ಳಲು ಏನಾದರೂ ಬೇಕಲ್ಲ! ಅಮ್ಮ ಎತ್ತಿನ ಹಗ್ಗ ತಂದರು, ಇಬ್ಬರೂ ಸೇರಿ ಎಳೆದೆವು. ಮೇಕೆ ಬದುಕಿತು. ಹಾಳೆ ಎರಡು ಕಡೆ ಹರಿದಿತ್ತು. ಹಾಸಿಕೊಟ್ಟವನಿಗೆ ಫೋನ್ ಮಾಡಿದರೆ ನಾಳೆ, ನಾಳಿದ್ದು ಅಂದ. ಅವನು ಬರುವಷ್ಟರಲ್ಲಿ ಅರ್ಧ ಹೊಂಡ ಇಂಗಿಹೋಗಿತ್ತು.

ಆ ವಾರವೇ ಸಾಲ ಮಾಡಿ ಕಲ್ಲುಕಂಬ ನೆಟ್ಟು ತಂತಿ ಎಳೆಸಿ ಗೇಟಿಗೆ ಬೀಗ ಹಾಕಿದೆವು. ನಾಲ್ಕು ಮೂಲೆಗೂ ಮೊಳಕ್ಕೊಂದು ಗಂಟು ಹಾಕಿದ ಹಗ್ಗ ಇಳಿಬಿಟ್ಟಿದ್ದೇವೆ. ಹಗ್ಗಕ್ಕೆ ಸಬ್ಸಿಡಿ ಇಲ್ಲ.

ಇನ್ನೊಂದು. ನೀರು ಒಳಗೆ ಬರುವ ಕಡೆ ಹೂಳು ನಿಲ್ಲಲು ಪುಟ್ಟ ಗುಂಡಿ ತೆಗೆಸಿ. ನಾವು ತೆಗೆಸಿರಲಿಲ್ಲ, ಈ ಬೇಸಿಗೆಯಲ್ಲಿ ಬರಿಗಾಲಲ್ಲಿ ಇಳಿದು ಮಂಕರಿಯಲ್ಲಿ ಕೆಸರು ಹೊತ್ತೆವು. ಸಲಿಕೆ ಹಾಕಿದರೆ ಹಾಳೆ ಹರಿಯುತ್ತದೆ.