ಕೊಚ್ಚಿಯಲ್ಲಿ ನೀರಿನ ದಡದ ದೊಡ್ಡ ಹೋಟೆಲ್: ಆಫೀಸ್ ಕೆಲಸಕ್ಕೆ ಹೋಗುವವರು ಬುಕ್ ಮಾಡುವ ಮುಂಚೆ ಓದಿ

ಬೆಂಗಳೂರಿನ ಒಂದು ಕಂಪನಿಯಿಂದ ನಾಲ್ಕು ಜನ ಕೊಚ್ಚಿಗೆ ಹೋಗಿದ್ದರು. ಕಾಕ್ಕನಾಡಿನ ಐಟಿ ಪಾರ್ಕ್ ಆದ ಇನ್ಫೋಪಾರ್ಕ್‌ನಲ್ಲಿ ಮೂರು ದಿನ ಮೀಟಿಂಗು, ಉಳಿಯಲು ಹಿನ್ನೀರಿಗೆ ಮುಖ ಮಾಡಿದ ದುಬಾರಿ ಹೋಟೆಲು. ಬೆಳಗಿನ ಮೊದಲ ವಿಮಾನ ಹಿಡಿದು, ರೂಮಿಗೆ ಹೋಗಿ ಸ್ನಾನ ಮುಗಿಸಿ, ಹತ್ತೂವರೆಗೆ ಮೀಟಿಂಗಿಗೆ ಕೂರುವ ಲೆಕ್ಕಾಚಾರ. ಚೆಕ್-ಇನ್ ಮಧ್ಯಾಹ್ನ ಎರಡಕ್ಕೆ ಎಂದು ಗೊತ್ತಿದ್ದರಿಂದ ಹಿಂದಿನ ರಾತ್ರಿಯಿಂದಲೇ ನಾಲ್ಕು ರೂಮಿಗೆ ದುಡ್ಡು ಕಟ್ಟಿದ್ದರು. ಆದರೂ ಬೆಳಗ್ಗೆ ರಿಸೆಪ್ಷನ್‌ಗೆ ಹೋದಾಗ ಅವರ ಹೆಸರಿನಲ್ಲಿ ಒಂದು ರೂಮೂ ಇರಲಿಲ್ಲ. ರಾತ್ರಿ ಯಾರೂ ಬರಲಿಲ್ಲವೆಂದು 'ನೋ-ಶೋ' ಹಾಕಿ, ರೂಮುಗಳನ್ನು ಮದುವೆ ಪಾರ್ಟಿಗೆ ಕೊಟ್ಟಾಗಿತ್ತು. ನಾಲ್ಕೂ ಜನ ಲಾಬಿಯ ವಾಷ್‌ರೂಮಿನಲ್ಲೇ ಮುಖ ತೊಳೆದು, ಶರ್ಟು ಬದಲಿಸಿ ಹೊರಟರು.

ಇದು ಅಪರೂಪದ ಪ್ರಸಂಗವಲ್ಲ. ಹೋಟೆಲುಗಳಲ್ಲಿ ನಡುರಾತ್ರಿ ಕಳೆದ ಮೇಲೆ 'ನೈಟ್ ಆಡಿಟ್' ನಡೆಯುತ್ತದೆ, ಅಂದರೆ ಆ ದಿನದ ಲೆಕ್ಕ ಮುಚ್ಚುತ್ತಾರೆ. ಅಷ್ಟರೊಳಗೆ ಬಾರದವರನ್ನು ನೋ-ಶೋ ಮಾಡಿದರೆ ಆ ಒಂದು ರಾತ್ರಿಯ ಜೊತೆ ಮುಂದಿನ ದಿನಗಳ ಬುಕಿಂಗೂ ಹೋಗುತ್ತದೆ. ಕಟ್ಟಿದ ದುಡ್ಡು ವಾಪಸ್ ಬರುವುದು ಕಷ್ಟ. ಹಾಗಾಗಿ ಹಿಂದಿನ ರಾತ್ರಿಗೆ ಬುಕ್ ಮಾಡಿದರಷ್ಟೇ ಸಾಲದು. 'ನಾಳೆ ಬೆಳಗ್ಗೆ ಎಂಟೂವರೆಗೆ ಬರುತ್ತೇವೆ, ನೋ-ಶೋ ಮಾಡಬೇಡಿ' ಎಂದು ವಿಮಾನದ ನಂಬರಿನ ಸಮೇತ ಮೇಲ್ ಹಾಕಿ, ಒಪ್ಪಿಗೆಯ ಉತ್ತರ ತರಿಸಿಕೊಳ್ಳಿ. ಹಿಂದಿನ ರಾತ್ರಿ ಒಂಬತ್ತರ ಹೊತ್ತಿಗೆ ಫ್ರಂಟ್ ಆಫೀಸಿಗೆ ಫೋನ್ ಮಾಡಿ ಡ್ಯೂಟಿ ಮ್ಯಾನೇಜರ್ ಹತ್ತಿರವೇ ಮಾತಾಡಿ. ಬುಕಿಂಗ್ ಆ್ಯಪಿನ 'ವಿಶೇಷ ಕೋರಿಕೆ' ಕಾಲಂನಲ್ಲಿ ಬರೆದುಬಿಟ್ಟೆವೆಂದು ಸುಮ್ಮನಾಗಬೇಡಿ, ರಾತ್ರಿ ಪಾಳಿಯವರು ಅದನ್ನು ನೋಡುತ್ತಾರೆಂಬ ಭರವಸೆಯಿಲ್ಲ. ಪ್ರತಿ ರೂಮಿಗೂ ಉಳಿಯುವವರ ಹೆಸರು ಹಾಕಿಸಿ. ಗುರುತಿಗೆ ಪ್ಯಾನ್ ಕಾರ್ಡ್ ನಡೆಯುವುದಿಲ್ಲ, ಅದರಲ್ಲಿ ವಿಳಾಸ ಇರುವುದಿಲ್ಲ.

ಇನ್ನು ಬಿಲ್ಲು. ಅಕೌಂಟ್ಸ್‌ನವರಿಗೂ ಎಷ್ಟೋ ಸಲ ತಡವಾಗಿ ಗೊತ್ತಾಗುವ ವಿಷಯ ಇದು. ಈ ನಾಲ್ವರ ಬುಕಿಂಗಿನಲ್ಲಿ ರೂಮಿನ ಬೆಲೆ ರಾತ್ರಿಗೆ ₹9,500. ನಾಲ್ಕು ರೂಮು, ಮೂರು ರಾತ್ರಿ: ₹1,14,000. ಅದರ ಮೇಲೆ ಶೇ. 18 ಜಿಎಸ್‌ಟಿ ₹20,520. ಹೇಗೂ ಇನ್‌ಪುಟ್ ಕ್ರೆಡಿಟ್ (ಖರ್ಚಿನ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ತಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಸಿಗುತ್ತದೆಂದು ಕಂಪನಿ ಈ ತೆರಿಗೆಯನ್ನು ಬಜೆಟ್ಟಿಗೇ ಸೇರಿಸಿರಲಿಲ್ಲ. ಆದರೆ ಸಿಗಲಿಲ್ಲ. ಐಜಿಎಸ್‌ಟಿ (ರಾಜ್ಯ ರಾಜ್ಯಗಳ ನಡುವಿನ ವ್ಯವಹಾರದ ಜಿಎಸ್‌ಟಿ) ಕಾಯ್ದೆಯ ಸೆಕ್ಷನ್ 12(3)ರ ಪ್ರಕಾರ ಹೋಟೆಲ್ ವಾಸದ ಸೇವೆ ನಡೆದ ಜಾಗವೆಂದರೆ ಹೋಟೆಲ್ ಕಟ್ಟಡ ಇರುವ ರಾಜ್ಯ. ಕೊಚ್ಚಿಯ ಹೋಟೆಲು ಹಾಕುವುದು ಕೇಂದ್ರದ ಪಾಲಿನ ಸಿಜಿಎಸ್‌ಟಿ ಮತ್ತು ಕೇರಳದ ಪಾಲಿನ ಎಸ್‌ಜಿಎಸ್‌ಟಿ. ಕರ್ನಾಟಕದಲ್ಲಷ್ಟೇ ನೋಂದಣಿ ಇರುವ ಕಂಪನಿಗೆ ಅದರ ಕ್ರೆಡಿಟ್ ಇಲ್ಲ. ಬಿಲ್ಲಿನ ಮೇಲೆ 29ರಿಂದ ಶುರುವಾಗುವ ನಿಮ್ಮ ಕರ್ನಾಟಕದ ಜಿಎಸ್‌ಟಿ ನಂಬರು ಅಚ್ಚಾಗಿದ್ದರೂ ಕ್ರೆಡಿಟ್ ತೋರಿಸುವ ಪೋರ್ಟಲಿನ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ಕ್ರೆಡಿಟ್ ಲಭ್ಯವಿಲ್ಲ ಎಂದೇ ಬರುತ್ತದೆ. ಕೇರಳದಲ್ಲೂ ನೋಂದಣಿ ಇದ್ದು, ಅಲ್ಲಿನ ವ್ಯವಹಾರಕ್ಕೇ ಹೋಗಿದ್ದರೆ 32ರಿಂದ ಶುರುವಾಗುವ ನಂಬರನ್ನು ಚೆಕ್-ಇನ್ ಆಗುವಾಗಲೇ ಕೊಡಿ. ನಿಮ್ಮದು ಎಸ್‌ಇಝಡ್ (ವಿಶೇಷ ಆರ್ಥಿಕ ವಲಯ) ಘಟಕವಾಗಿದ್ದರೆ ನಿಯಮವೇ ಬೇರೆ, ಅಲ್ಲಿ ಐಜಿಎಸ್‌ಟಿ ಬಿಲ್ಲು ಕೇಳಬೇಕು.

ಏಳೂವರೆ ಸಾವಿರದ ಗಡಿಯನ್ನೂ ನೋಡಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ರಾತ್ರಿಗೆ ₹7,500ರವರೆಗಿನ ರೂಮಿಗೆ ಶೇ. 5, ಅದಕ್ಕಿಂತ ಮೇಲಿದ್ದರೆ ಶೇ. 18. ₹7,400ರ ರೂಮು ತೆರಿಗೆ ಸೇರಿ ₹7,770ಕ್ಕೆ ಮುಗಿಯುತ್ತದೆ. ₹7,600ರದ್ದು ₹8,968 ಆಗುತ್ತದೆ. ಕೌಂಟರಿನಲ್ಲಿ 'ಇನ್ನೂರೇ ರೂಪಾಯಿ ಜಾಸ್ತಿ ಸಾರ್, ನೀರು ಕಾಣುವ ರೂಮು' ಎಂದರೆ ಆ ಇನ್ನೂರು ನಿಜಕ್ಕೂ ₹1,198. 'ಪಾರ್ಷಿಯಲ್ ವ್ಯೂ' ಎಂದಿದ್ದರೆ ಕಿಟಕಿಯ ಒಂದು ಮೂಲೆಯಲ್ಲಿ ನೀರು ಕಂಡೀತು, ಅಷ್ಟೇ. ಊಟದ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿಸಿದ್ದರೆ ತೆಗೆಸಿ. ತಾನಾಗಿ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಚೆಕ್-ಇನ್‌ನಲ್ಲಿ ಕಾರ್ಡ್ ಉಜ್ಜಿ ಹಿಡಿದಿಡುವ ಮೊತ್ತಕ್ಕೆ ಡೆಬಿಟ್ ಕಾರ್ಡ್ ಕೊಡಬೇಡಿ. ಕ್ರೆಡಿಟ್ ಕಾರ್ಡಿನಲ್ಲಾದರೆ ಲಿಮಿಟ್ ಮಾತ್ರ ತಡೆಹಿಡಿದಿರುತ್ತದೆ, ಡೆಬಿಟ್‌ನಲ್ಲಿ ನಿಮ್ಮ ಖಾತೆಯ ದುಡ್ಡೇ ಸಿಕ್ಕಿಹಾಕಿಕೊಂಡು ದಿನಗಟ್ಟಲೆ ಕಾಯಬೇಕಾಗುತ್ತದೆ. ಕಂಪನಿಯೇ ಬಿಲ್ ಕಟ್ಟುವುದಾದರೆ ಅದು ಹೋಟೆಲಿಗೆ ಕೊಡುವ ಪತ್ರದಲ್ಲಿ ಲಾಂಡ್ರಿ, ಊಟ, ಟ್ಯಾಕ್ಸಿ ಸೇರಿದೆಯೋ ಇಲ್ಲವೋ ಬಿಡಿಸಿ ಬರೆಸಿ.

ನೀರಿನ ದಡದ ರೂಮಿನಲ್ಲಿ ಕೆಲಸಕ್ಕೆ ಹೋದವರಿಗೆ ಎದುರಾಗುವ ತೊಂದರೆಗಳೂ ಇವೆ. ಬಾಲ್ಕನಿ ಬಾಗಿಲಿನ ಚೌಕಟ್ಟಿನ ಮೇಲ್ತುದಿಯಲ್ಲಿ ಬೆರಳುದ್ದದ ಬಿಳಿ ಪ್ಲಾಸ್ಟಿಕ್ ತುಂಡು ಕಂಡರೆ ಅದು ಅಯಸ್ಕಾಂತದ ಸ್ವಿಚ್ಚು. ಬಾಗಿಲು ಒಂದಿಷ್ಟು ಸರಿದು ನಿಂತರೂ ಅದು ಎಸಿಯನ್ನು ನಿಲ್ಲಿಸುತ್ತದೆ. ರಾತ್ರಿ ಎಸಿ ಕೆಟ್ಟಿದೆ ಎಂದು ರಿಸೆಪ್ಷನ್‌ಗೆ ಫೋನ್ ಮಾಡುವ ಮುಂಚೆ ಬಾಗಿಲನ್ನು ಒತ್ತಿ, ಚಿಲಕ ಹಾಕಿ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಸಂದಿಯಿಂದ ನುಗ್ಗುವ ಹಸಿಗಾಳಿಗೆ ಇಸ್ತ್ರಿ ಮಾಡಿಟ್ಟ ಶರ್ಟಿನ ಕಾಲರು ಮೆತ್ತಗಾಗುತ್ತದೆ, ಪ್ರಿಂಟ್ ಮಾಡಿದ ಹಾಳೆಗಳ ಅಂಚು ಸುರುಳಿ ಸುತ್ತುತ್ತದೆ. ಸೊಳ್ಳೆಯಂತೂ ಕತ್ತಲಾಗುವ ಮುಂಚೆಯೇ ಒಳಗೆ ಬಂದಿರುತ್ತದೆ. ಮಳೆಗಾಲದಲ್ಲಿ ಹೊಳೆಗಳಿಂದ ಕೊಚ್ಚಿಬರುವ ಅಂತರಗಂಗೆ ದಡದಲ್ಲಿ ಒತ್ತೊತ್ತಾಗಿ ನಿಂತು ಕೊಳೆತರೆ ಆ ವಾಸನೆಗೆ ಬಾಲ್ಕನಿಯಲ್ಲಿ ಕೂರಲಾಗದು.

ಎಲ್ಲಕ್ಕಿಂತ ದೊಡ್ಡದು ನಿದ್ದೆಯ ಪ್ರಶ್ನೆ. ನೀರಿನ ಪಕ್ಕದ ಹುಲ್ಲುಹಾಸನ್ನು ಮದುವೆ, ಆರತಕ್ಷತೆಗಳಿಗೆ ಬಾಡಿಗೆ ಕೊಡುತ್ತಾರೆ. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಬೇಕೆಂಬುದು 2000ದ ಶಬ್ದಮಾಲಿನ್ಯ ನಿಯಮ. ಆದರೆ ಹಾಡು ನಿಂತ ಮೇಲೆ ಕಬ್ಬಿಣದ ಕುರ್ಚಿ ಮಡಚಿ ಒಂದರ ಮೇಲೊಂದು ಎಸೆಯುವ ಸದ್ದು, ಪಾತ್ರೆ ತುಂಬುವ ಲಾರಿಯ ರಿವರ್ಸ್ ಹಾರ್ನು ನಡುರಾತ್ರಿ ಕಳೆದು ಒಂದು ಗಂಟೆಯವರೆಗೂ ಇರುತ್ತದೆ. ಬುಕ್ ಮಾಡುವಾಗಲೇ 'ಈ ದಿನಗಳಲ್ಲಿ ಲಾನ್‌ನಲ್ಲಿ ಕಾರ್ಯಕ್ರಮ ಇದೆಯೇ' ಎಂದು ಬ್ಯಾಂಕ್ವೆಟ್ ವಿಭಾಗಕ್ಕೇ ಫೋನ್ ಮಾಡಿ ಕೇಳಿ. ರಿಸರ್ವೇಶನ್ ವಿಭಾಗದವರಿಗೆ ಎಷ್ಟೋ ಸಲ ಗೊತ್ತಿರುವುದಿಲ್ಲ. ಇದೆ ಎಂದರೆ ನೀರಿನ ಆಸೆ ಬಿಟ್ಟು ರಸ್ತೆ ಕಡೆಯ ಮೇಲಿನ ಮಹಡಿ ಕೇಳುವುದು ವಾಸಿ. ಬರೆಯುವ ಮೇಜಿನ ಫೋಟೋವನ್ನೂ ಕೇಳಿ ತರಿಸಿಕೊಳ್ಳಿ. ವ್ಯೂ ರೂಮುಗಳಲ್ಲಿ ಮೇಜಿನ ಜಾಗಕ್ಕೆ ಗುಂಡಗಿನ ಟೀಪಾಯಿ ಇಟ್ಟಿರುವುದುಂಟು, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು ಎರಡು ಗಂಟೆ ಕೂತರೆ ಸೊಂಟ ಹಿಡಿಯುತ್ತದೆ.

ದಾರಿಯ ಲೆಕ್ಕವನ್ನು ಮ್ಯಾಪ್ ನೋಡಿ ಹಾಕಬೇಡಿ, ಸಮಯ ನೋಡಿ ಹಾಕಿ. ಮರೀನ್ ಡ್ರೈವ್‌ನಿಂದಾಗಲಿ, ಬೋಲ್ಗಾಟ್ಟಿ, ವಿಲ್ಲಿಂಗ್ಡನ್ ದ್ವೀಪಗಳಿಂದಾಗಲಿ ಕಾಕ್ಕನಾಡಿಗೆ ಕಿಲೋಮೀಟರ್ ಲೆಕ್ಕದಲ್ಲಿ ಹೆಚ್ಚಿಲ್ಲ, ಆದರೆ ಬೆಳಗ್ಗೆ ಒಂಬತ್ತರ ಹೊತ್ತಿಗೆ ಪಾಲಾರಿವಟ್ಟಂ ಜಂಕ್ಷನ್ ದಾಟುವುದರಲ್ಲೇ ಸಾಕಾಗುತ್ತದೆ. ವೈಟ್ಟಿಲದಿಂದ ಕಾಕ್ಕನಾಡಿಗೆ ವಾಟರ್ ಮೆಟ್ರೋ ದೋಣಿ ಸುಮಾರು 25 ನಿಮಿಷ ತೆಗೆದುಕೊಳ್ಳುತ್ತದೆ. ವೈಟ್ಟಿಲದವರೆಗೆ ಮೆಟ್ರೋ ರೈಲಿದೆ, ಕಾಕ್ಕನಾಡಿನ ಜೆಟ್ಟಿಯಿಂದ ಇನ್ಫೋಪಾರ್ಕ್‌ಗೆ ಬಸ್ಸೋ ಆಟೋವೋ ಹಿಡಿಯಬೇಕು. ಮೀಟಿಂಗೆಲ್ಲ ಕಾಕ್ಕನಾಡಿನಲ್ಲೇ ಇದ್ದರೆ ಅಲ್ಲೇ ಉಳಿಯಿರಿ, ನೀರು ನೋಡಲು ಸಂಜೆ ಹೋಗಿಬನ್ನಿ.

ಹೊರಡುವ ಹಿಂದಿನ ರಾತ್ರಿಯೇ ಬಿಲ್ಲಿನ ಕರಡು ತರಿಸಿ ಓದಿ. ಕಂಪನಿ ಹೆಸರು, ಜಿಎಸ್‌ಟಿ ನಂಬರು, ಮಿನಿಬಾರ್ ಸಾಲು, ಎರಡು ಸಲ ಬಿದ್ದ ಬ್ರೇಕ್‌ಫಾಸ್ಟು ಎಲ್ಲ ಆಗಲೇ ಸರಿಯಾಗಬೇಕು. ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲಿನಲ್ಲಿ ದಾಖಲಾಗುವ ಬಿಲ್ಲು) ಒಮ್ಮೆ ಹೊರಟರೆ ಆ ಪೋರ್ಟಲಿನಲ್ಲಿ ರದ್ದು ಮಾಡಲು 24 ಗಂಟೆ ಮಾತ್ರ ಅವಕಾಶ. ಬೆಳಗ್ಗೆ ಕೌಂಟರಿನಲ್ಲಿ ಜಗಳಕ್ಕೆ ನಿಂತರೆ ನೆಡುಂಬಾಶ್ಶೇರಿಯ ವಿಮಾನ ನಿಲ್ದಾಣಕ್ಕೆ ಇನ್ನೂ ಮೂವತ್ತು ಕಿಲೋಮೀಟರ್ ದಾರಿ ಇರುತ್ತದೆ.