ಬಾಳೆಹಣ್ಣು, ಮಜ್ಜಿಗೆ, ಎಣ್ಣೆ, ಕೋಲು: ಚಾರ್ಮಾಡಿ ಇಳಿದ ಕಾಲಿಗೆ ಯಾವುದು ಆಗಿಬಂತು?

ಶಿವರಾತ್ರಿಗೆ ಚಿಕ್ಕಮಗಳೂರಿನಿಂದ ಧರ್ಮಸ್ಥಳಕ್ಕೆ ಎರಡು ಸಲ ನಡೆದಿದ್ದೇನೆ. ಮೊದಲ ಸಲ ಕೊಟ್ಟಿಗೆಹಾರದಲ್ಲಿ ಒಂದು ಜಗಲಿ ಮೇಲೆ ಮಲಗಿದ್ದೆವು. ಅರ್ಧರಾತ್ರಿ ನಿದ್ದೆಗಣ್ಣಲ್ಲಿ ಕಾಲು ಚಾಚಿದ್ದೇ ತಡ, ಎಡಗಾಲಿನ ಮೀನಖಂಡ ಹಿಡ್ಕೊಂಡಿತು. ಮುಟ್ಟಿ ನೋಡಿದರೆ ನಿಂಬೆಹಣ್ಣಿನಷ್ಟು ಗಂಟು, ಕಲ್ಲಿನ ಹಾಗೆ ಗಟ್ಟಿ. ನನ್ನ ಕೂಗಿಗೆ ಎಚ್ಚರವಾದವರೆಲ್ಲ ಒಂದೊಂದು ಮದ್ದು ಹೇಳಿದರು. ಮುಂದಿನ ವರ್ಷ ಅವನ್ನೆಲ್ಲ ಬೇಕಂತಲೇ ಮಾಡಿ ನೋಡಿದೆ.

ನನಗೆ ತಡವಾಗಿ ತಿಳಿದ ವಿಷಯ: ಇದು ಒಂದೇ ನೋವಲ್ಲ, ಎರಡು. ತಟ್ಟನೆ ಬಂದು ಕೆಲವು ನಿಮಿಷದಲ್ಲಿ ಬಿಡುವ ಸೆಳೆತ ಬೇರೆ. ಇಳಿಜಾರು ಇಳಿದ ಮಾರನೇ ದಿನ ತೊಡೆಯಲ್ಲಿ ಶುರುವಾಗುವ ನೋವು ಬೇರೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಸೆಳೆತಕ್ಕೆ ಎಲ್ಲರೂ ಮೊದಲು ಕೈಗೆ ಕೊಡುವುದು ಬಾಳೆಹಣ್ಣು. ನೂರು ಗ್ರಾಂ ಹಣ್ಣಿನಲ್ಲಿ ಸುಮಾರು 350 ಮಿಲಿಗ್ರಾಂ ಪೊಟ್ಯಾಸಿಯಂ ಇದೆ, ಸೋಡಿಯಂ ಇಲ್ಲವೇ ಇಲ್ಲ ಅನ್ನಬಹುದು. ಬೆವರಿನಲ್ಲಿ ಹೋಗುವುದು ಜಾಸ್ತಿ ಸೋಡಿಯಂ, ಅಂದರೆ ಉಪ್ಪು. ಅದೂ ಅಲ್ಲದೆ ತಿಂದದ್ದು ಜೀರ್ಣವಾಗಿ ಕಾಲಿಗೆ ತಲುಪುವಷ್ಟರಲ್ಲಿ ಸೆಳೆತ ತಾನಾಗೇ ಹೋಗಿರುತ್ತದೆ. ಹಸಿವಿಗೆ ತಿನ್ನಿ, ಬೇಡ ಅನ್ನುವುದಿಲ್ಲ. ಎಳನೀರಿನದೂ ಹೆಚ್ಚುಕಮ್ಮಿ ಇದೇ ಕಥೆ.

ನನಗೆ ಹಿಡಿಸಿದ್ದು ದಾರಿಯುದ್ದಕ್ಕೂ ಭಕ್ತರು ಕೊಡುವ ಉಪ್ಪು, ಶುಂಠಿ ಹಾಕಿದ ನೀರು ಮಜ್ಜಿಗೆ. ಓಆರ್‌ಎಸ್ ಕೂಡ ಇಟ್ಟುಕೊಂಡಿದ್ದೆ. ದೊಡ್ಡ ಪೊಟ್ಟಣ 20.5 ಗ್ರಾಂ, ಅದಕ್ಕೆ ಒಂದು ಲೀಟರ್ ನೀರು ಬೇಕು. ನಾನು ಅರ್ಧ ಲೀಟರ್ ಬಾಟಲಿಗೇ ಸುರಿದು ಕುಡಿದೆ. ಹೊಟ್ಟೆ ತೊಳೆಸಿ ರಸ್ತೆ ಬದಿ ಕೂತೆ. ಆ ತಪ್ಪು ಮಾಡಬೇಡಿ. ಎರಡನೇ ವರ್ಷ ಸೆಳೆತ ಒಂದೇ ಸಲ ಬಂತು. ಆದರೆ ಆ ಪುಣ್ಯವನ್ನೆಲ್ಲ ಮಜ್ಜಿಗೆಗೇ ಕಟ್ಟಲಾರೆ. ಹೊರಡುವ ಮೊದಲು ಎರಡು ತಿಂಗಳು ದಿನಾ ನಡೆದಿದ್ದೆ, ಮತ್ತೆ ದಣಿದ ಸ್ನಾಯುವಿಗೆ ಉಪ್ಪಿನ ಕೊರತೆ ಇಲ್ಲದಿದ್ದರೂ ಸೆಳೆತ ಬರುತ್ತದೆ.

ಬಂದ ಆ ಒಂದು ಸೆಳೆತಕ್ಕೆ ಉಪ್ಪಿನಕಾಯಿ ರಸ ನುಂಗಿದೆ. ನಗಬೇಡಿ. ಅಮೆರಿಕದ ಆಟಗಾರರು ಸೌತೆಕಾಯಿ ಉಪ್ಪಿನಕಾಯಿಯ ನೀರು ಕುಡಿಯುತ್ತಾರೆ. 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸುಮಾರು ಒಂದೂವರೆ ನಿಮಿಷದಲ್ಲಿ ಸೆಳೆತ ಬಿಟ್ಟಿತ್ತು. ಉಪ್ಪು ರಕ್ತಕ್ಕೆ ಸೇರುವ ಮೊದಲೇ ಬಿಟ್ಟದ್ದರಿಂದ, ಗಂಟಲಿಗೆ ತಾಗಿದ ಹುಳಿಯೇ ನರಕ್ಕೆ ಸುದ್ದಿ ಮುಟ್ಟಿಸಿರಬೇಕು ಅಂತ ಪ್ರಯೋಗ ಮಾಡಿದವರ ಊಹೆ. ನಮ್ಮ ನಿಂಬೆ ಉಪ್ಪಿನಕಾಯಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಕಾಲು ಮರೆತೇಹೋಯಿತು. ಇದನ್ನು ಗುಣ ಅನ್ನಬೇಕೋ ಬೇಡವೋ ಗೊತ್ತಾಗಲಿಲ್ಲ.

ಇವೆಲ್ಲಕ್ಕಿಂತ ಬೇಗ ಕೆಲಸ ಮಾಡುವುದು ಕಾಸಿಲ್ಲದ ಉಪಾಯ. ಮಂಡಿ ನೇರ ಮಾಡಿ, ಪಾದದ ಮುಂಭಾಗವನ್ನು ನಿಧಾನ ನಮ್ಮ ಕಡೆ ಎಳೆದುಕೊಳ್ಳುವುದು. ಕೈಗೆ ಎಟುಕದಿದ್ದರೆ ಪಾದಕ್ಕೆ ಟವೆಲ್ ಸಿಕ್ಕಿಸಿ ಎಳೆಯಿರಿ. ಅರ್ಧ ನಿಮಿಷ ಹಿಡಿದರೆ ಗಂಟು ಕೈಯಡಿಯಲ್ಲೇ ಕರಗುವುದು ತಿಳಿಯುತ್ತದೆ. ಆ ಹೊತ್ತಲ್ಲಿ ಎಣ್ಣೆ ಹುಡುಕುತ್ತಾ ಕೂರಬೇಡಿ.

ಇನ್ನು ಚಾರ್ಮಾಡಿ ಇಳಿದ ಮೇಲಿನ ನೋವು. ಇಳಿಯುವಾಗ ತೊಡೆಯ ಸ್ನಾಯು ಮೈಭಾರ ತಡೆದು ಹಿಡಿಯುತ್ತಲೇ ಉದ್ದವಾಗಬೇಕು. ಅದರಲ್ಲಿ ಸಣ್ಣಸಣ್ಣ ಹಾನಿ ಆಗುತ್ತದೆ. ಹಾಗಾಗಿ ಹತ್ತಿದ್ದಕ್ಕಿಂತ ಇಳಿದದ್ದೇ ಜಾಸ್ತಿ ನೋಯುತ್ತದೆ, ಅದೂ ಎರಡನೇ ದಿನ. ಮೊದಲ ಸಲ ಉಜಿರೆಯಲ್ಲಿ ಮೂರು ಮೆಟ್ಟಿಲು ಇಳಿಯಲು ಗೋಡೆ ಹಿಡಿದು ಹಿಮ್ಮುಖ ಇಳಿದಿದ್ದೆ.

ಇದಕ್ಕೆ ಕರ್ಪೂರ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ತಿಕ್ಕಿದರೆ ಹಾಯೆನಿಸಿ ನಿದ್ದೆ ಬರುತ್ತದೆ, ಬೆಳಿಗ್ಗೆ ನೋವು ಅಲ್ಲೇ ಇರುತ್ತದೆ. ತೊರೆಯ ತಣ್ಣೀರಲ್ಲಿ ಕಾಲಿಟ್ಟರೆ ಹತ್ತು ನಿಮಿಷ ಮರಗಟ್ಟುತ್ತದೆ, ಅಷ್ಟೇ. ಬಿಸಿನೀರ ಸ್ನಾನ ಇದಕ್ಕಿಂತ ವಾಸಿ. ನೋವಿನ ಮಾತ್ರೆ ಎಲ್ಲಕ್ಕಿಂತ ಜೋರಾಗಿ ಕೆಲಸ ಮಾಡಿತು, ಆದರೂ ಮತ್ತೆ ತೆಗೆದುಕೊಳ್ಳಲಿಲ್ಲ. ಬೆವರಿ ನೀರು ಕಮ್ಮಿಯಾದ ಮೈಗೆ ಐಬುಪ್ರೊಫೆನ್ ಥರದ ಮಾತ್ರೆ ಬಿದ್ದರೆ ಕಿಡ್ನಿಗೆ ಪೆಟ್ಟು.

ಗೆದ್ದದ್ದು ಕೋಲು. ಎರಡೂ ಕೈಗೆ ಒಂದೊಂದು ಬಿದಿರು ಕೋಲು ಹಿಡಿದು, ಪುಟ್ಟಪುಟ್ಟ ಹೆಜ್ಜೆ ಇಟ್ಟು ಇಳಿದೆ. ಜೊತೆಯವರು 'ಅಜ್ಜಾ' ಅಂತ ಕರೆದರು. ಕರೆಯಲಿ ಬಿಡಿ. ಆ ವರ್ಷ ಉಜಿರೆಯ ಮೆಟ್ಟಿಲನ್ನು ಮುಂದೆ ನೋಡಿಕೊಂಡೇ ಇಳಿದೆ.

ನಮ್ಮ ಗುಂಪಿನ ಹಿರಿಯರೊಬ್ಬರಿಗೆ ಮಾತ್ರ ಇದ್ಯಾವುದೂ ನಾಟಲಿಲ್ಲ. ಅಷ್ಟು ದೂರ ನಡೆದರೆ ಮೀನಖಂಡ ನೋವು, ಎರಡು ನಿಮಿಷ ನಿಂತರೆ ಮಾಯ, ಮತ್ತೆ ಅಷ್ಟೇ ದೂರಕ್ಕೆ ವಾಪಸ್. ಬೀಡಿ ಸೇದುವವರು. ತೋರಿಸಿದಾಗ ಕಾಲಿನ ರಕ್ತನಾಳ ಕಿರಿದಾಗಿದೆ ಅಂತ ಗೊತ್ತಾಯಿತು. ಒಂದೇ ಕಾಲು ಊದಿ ಬಿಸಿಯಾದರೆ ಇನ್ನೂ ಅರ್ಜೆಂಟು, ಹೆಪ್ಪುಗಟ್ಟಿದ ರಕ್ತ ಇರಬಹುದು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ನಮ್ಮವರಿಗೆ ಡಾಕ್ಟರು ಮಾತ್ರೆ ಕೊಟ್ಟು, ಬೀಡಿ ಬಿಡಿಸಿದರು. ಜೊತೆಗೆ ದಿನಾ ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯಿರಿ ಅಂದರು. ಈಗ ಊರ ಕೆರೆ ಏರಿ ಮೇಲೆ ಬೆಳಿಗ್ಗೆ ಅದನ್ನೇ ಮಾಡುತ್ತಿದ್ದಾರೆ.